ತುಟಿಯ ಮುಂದೆ ಕಾಗದ

ಫಾರಂನಲ್ಲಿ ಡಿಗ್ರಿ ಅಂತ ಒಂದು ಖಾನೆ.
ನಾನು ಬಲ್ಲ ಡಿಗ್ರಿ ಕಂಕುಳಲ್ಲಿ ಎರಡು ನಿಮಿಷ ಇಟ್ಟು
ಕಿಟಕಿಯ ಬೆಳಕಿಗೆ ಹಿಡಿದು ಓದುವಂಥದು:
ನೂರಾ ಒಂದು, ನೂರಾ ಮೂರು.
ಹದಿನಾರು ವರ್ಷದಿಂದ ಹೆರಿಗೆ ವಾರ್ಡಿನ ಆಯಾ ನಾನು.
ಖಾನೆಗೆ ಗೆರೆ ಎಳೆದೆ.
ಡಿಗ್ರಿ ಬೇಡ, ನೂರಿಪ್ಪತ್ತು ಗಂಟೆ ಕೂತರೆ ಸಾಕು
ಎಂದರು ಪ್ರಿಸಿಲ್ಲಾ ಮೇಡಮ್.
ಲೆಕ್ಕ ಹಾಕಿದೆ: ಹತ್ತು ನೈಟ್ ಡ್ಯೂಟಿ.

ಸರಸ್ವತಿಪುರಂ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ.
ಕೆಳಗೆ ಯಾರದೋ ಮಾರ್ಕ್ಸ್‌ಕಾರ್ಡು
ಮಿಂಚಿ ಮಿಂಚಿ ಎರಡಾಗುತ್ತಿದ್ದರೆ
ಮೇಲೆ ನಾವು ಮೂವರು
ಇಂಗ್ಲಿಷ್ ಕಲಿಸುವುದನ್ನು ಕಲಿಯುತ್ತಿದ್ದೆವು.
ಗೋಕುಲಂನಲ್ಲಿ ಎಳನೀರು ಮಾರುವ ಕೆಂಪರಾಜುವಿಗೆ
ರಷ್ಯಾದವರ ಚೌಕಾಸಿ ಗೊತ್ತು, ಕ್ರಿಯಾಪದ ಗೊತ್ತಿಲ್ಲ.
ಸೀರೆ ಅಂಗಡಿ ಬಿಟ್ಟು ಬಂದ ಶಾರದಾಂಬೆ
ಪ್ರತಿ ವಾಕ್ಯವನ್ನೂ ಬಿಚ್ಚಿ ತೋರಿಸಿ ಮಡಿಸುವಳು.

ತುಟಿಯ ಮುಂದೆ ಕಾಗದದ ಚೂರು ಹಿಡಿಸಿದರು.
ಪ ಎನ್ನಿ. ಅಲುಗಬೇಕು.
ಪುಷ್ ಪುಷ್ ಎಂದು ಹದಿನಾರು ವರ್ಷ ಕೂಗಿದವಳು ನಾನು;
ಕಾಗದ ಹಾರಿ ಕೆಂಪರಾಜುವಿನ ಚಪ್ಪಲಿಯ ಮೇಲೆ ಬಿತ್ತು.
ಹ ಎನ್ನಿ.
ಕಾಗದ ಹಾಗೇ ನಿಂತಿತು.
ನಾನು ಮದ್ದೂರು ಸೀಮೆಯವಳು.
ನಮ್ಮಲ್ಲಿ ಹಾಲು ಆಲು, ಹಬ್ಬ ಅಬ್ಬ.
ಹೆಸರು ಕೇಳಿದರೆ ಎಸರು ಎನ್ನುತ್ತೇವೆ,
ಅದಕ್ಕೇ ಅಕ್ಕಿ ಹಾಕಿ ಬದುಕುತ್ತೇವೆ.
ಹೊಂಬಾಳಮ್ಮ ಅಂತ ಅಪ್ಪ ಇಟ್ಟದ್ದು;
ಅವನೂ ಕರೆದದ್ದು ಒಂಬಾಳೂ ಅಂತಲೇ.

ಪ್ರಾಕ್ಟಿಕಲ್‌ಗೆ ನನಗೆ ಸಿಕ್ಕವಳು ಇಬ್ತಿಸಾಮ್.
ಯೆಮನ್ ದೇಶ. ಗಂಡ ಗಂಗೋತ್ರಿಯಲ್ಲಿ ಮಣ್ಣಿನ ಮೇಲೆ ಪಿಎಚ್‌ಡಿ.
ಅವಳಿಗೆ ಏಳು ತಿಂಗಳು. ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿ
ಗೋಡೆ ಬಿಟ್ಟರೆ ಮಾತಿಗೆ ಯಾರೂ ಇಲ್ಲ.
ಇಂಗ್ಲಿಷ್ ಅವಳದೂ ಅಲ್ಲ, ನನ್ನದೂ ಅಲ್ಲ;
ಮೂರನೆಯವರ ಜಗಲಿಯಲ್ಲಿ ಕೂತು
ಒಬ್ಬರ ತಲೆ ಒಬ್ಬರು ಬಾಚಿದ ಹಾಗೆ.

ಅವಳ ಭಾಷೆಯಲ್ಲಿ ಪ ಇಲ್ಲವಂತೆ.
ಪಾರ್ಕು ಬಾರ್ಕು, ಪೊಲೀಸು ಬೊಲೀಸು.
ದೇವರಾಜ ಮಾರ್ಕೆಟ್ಟಿನಲ್ಲಿ ಪಪ್ಪಾಯ ತೋರಿಸಿ
ಹೇಳು ಎಂದೆ. ಬಬ್ಬಾಯ ಎಂದಳು.
ಬಸುರಿಗೆ ಪರಂಗಿ ಹಣ್ಣು ತೋರುಸ್ತೀಯಲ್ಲವ್ವ,
ನೀನೂ ಒಬ್ಬ ಹೆಂಗಸಾ?
ಎಂದು ಹಣ್ಣಿನವಳು ಬೈದಳು.
ಪಾಠ ಅಲ್ಲಿಗೆ ಮುಗಿಯಿತು.

ಕಾಗದ ಹಿಡಿದೆ ಅವಳ ತುಟಿಯ ಮುಂದೆ. ಅಲುಗಲಿಲ್ಲ.
ಕಿತ್ತುಕೊಂಡು ನನ್ನ ತುಟಿಯ ಮುಂದೆ ಹಿಡಿದಳು.
ಹೊಂಬಾಳ, ಎಂದಳು.
ನಲವತ್ತೊಂದು ವರ್ಷಕ್ಕೆ ಮೊದಲ ಸಲ
ಯಾರೋ ನನ್ನನ್ನು ಪೂರ್ತಿ ಕರೆದರು.
ತನ್ನಲ್ಲಿ ಹ ಎರಡು ಥರ ಇದೆ ಎಂದು ಬೆರಳಲ್ಲಿ ತೋರಿಸಿದಳು,
ಮನೆಯಲ್ಲಿ ಎರಡು ಬಿಂದಿಗೆ ಇದ್ದವಳು
ಒಂದು ನೀನೇ ಇಟ್ಟುಕೋ ಎನ್ನುವ ಹಾಗೆ.

ಕೊನೆಯ ಭಾನುವಾರ, ಹಿಂದಿನ ಬೆಂಚಿನಲ್ಲಿ
ಅಂಕಪಟ್ಟಿ ಹಿಡಿದು ಪ್ರಿಸಿಲ್ಲಾ ಮೇಡಮ್.
ಪಾಠ: ಡಾಕ್ಟರ ಬಳಿ.
ಏನಾಗ್ತಿದೆ, ಕೇಳಿದೆ ಇಂಗ್ಲಿಷಿನಲ್ಲಿ.
ಪೇನ್ ಎನ್ನಬೇಕು. ಸೊಂಟ ಹಿಡಿದು
ಬೇನ್, ಎಂದಳು.
ತಿದ್ದಬೇಕಿತ್ತು. ಕಾಗದದ ಚೂರು ಕೈಯಲ್ಲೇ ಇತ್ತು.
ಆದರೆ ಹದಿನಾರು ವರ್ಷ ನಡುರಾತ್ರಿ ಬಾಗಿಲು ತಟ್ಟಿದವರೆಲ್ಲ,
ಟಿ. ನರಸೀಪುರದವರು, ಬನ್ನೂರಿನವರು, ಆಟೋದಲ್ಲಿ, ಟೆಂಪೋದಲ್ಲಿ,
ಬೇನೆ ಅಂತಲ್ಲವೇ ಅಂದದ್ದು?
ಸರಿ, ಎಂದೆ. ವೆರಿ ಗುಡ್.
ಮೇಡಮ್ ಪೆನ್ನು ಏನೋ ಗೀಚಿತು.

ಪಾಸು. ತಪ್ಪು ತಿದ್ದದ್ದಕ್ಕೆ ನಾಲ್ಕು ಅಂಕ ಕಡಿತ.
ಸರ್ಟಿಫಿಕೇಟಿನಲ್ಲಿ ಒಂಬಾಳಮ್ಮ ಎಂದು ಅಚ್ಚಾಗಿದೆ,
ಮೊದಲ ದಿನ ನನ್ನ ಬಾಯಿಂದ ಬಿದ್ದ ಹಾಗೆಯೇ.
ಬದಲಿಸಲು ಮುನ್ನೂರು ರೂಪಾಯಿ.
ಸಂಬಳ ಬರಲಿ, ನೋಡೋಣ.

ಇವತ್ತು ಎಸರಿಟ್ಟಿದ್ದೆ, ಅಕ್ಕಿ ತೊಳೆಯುತ್ತಿದ್ದೆ.
ಫೋನು.
ಹೊಂಬಾಳ, ಬೇನ್.
ಒಲೆ ಆರಿಸಿದೆ, ಒದ್ದೆ ಕೈಯಲ್ಲೇ ಚಪ್ಪಲಿ ಹುಡುಕಿದೆ.